ಸುತ್ತಿಗೆಗೆ ಬಿಟ್ಟ ಸಾಲು

“ಐದು ಸಾಲು ಎಷ್ಟು ಬೇಕಾದ್ರೂ ಹೇಳಿ ಸ್ವಾಮಿ, ಯಾರೂ ಬೇಡ ಅನ್ನಲ್ಲ. ಆರನೇದಕ್ಕೆ ಮಾತ್ರ ಬಾಯಿ ಹಾಕ್ಬೇಡಿ. ಅದು ಸುತ್ತಿಗೆಗೆ ಬಿಟ್ಟಿದ್ದು.”

ಪುಸ್ತಕ ಕಟ್ಟುವ ಆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುತ್ತಿದ್ದ ದಾರದಕ್ಕ ಹೀಗೆ ಹೇಳಿದಾಗ ಹೊಸಬ ಬಾಯ್ತುಂಬ ನಕ್ಕ. ನಗುವುದಕ್ಕೆ ಅವನಿಗೆ ಕಾರಣವಿತ್ತು. ಮೂವತ್ತೈದು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಅಚ್ಚುಕೂಟ ಮುಚ್ಚಿದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡಲಾರದೆ, ಪುಟಗಳು ಸರಿಯಾದ ಸರದಿಯಲ್ಲಿವೆಯೇ ಎಂದು ನೋಡುವ ಕೆಲಸಕ್ಕೆ ಇಲ್ಲಿ ಸೇರಿಕೊಂಡಿದ್ದ. ಬಂದ ದಿನವೇ ಬಾಗಿಲ ಪಕ್ಕದ ಬೋರ್ಡಿನಲ್ಲಿದ್ದ ಕಾಗುಣಿತದ ತಪ್ಪನ್ನು ಕಿವಿಯ ಮೇಲಿನ ಪೆನ್ಸಿಲು ತೆಗೆದು ತಿದ್ದಿದ್ದ. ಅವತ್ತಿನಿಂದ ಅವನು ಎಲ್ಲರ ಬಾಯಲ್ಲಿ ತಿದ್ದಪ್ಪ.

ಆ ಆಟದ ಸಂಗತಿ ಹೇಳಬೇಕು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಕಣ್ಣು ಎಳೆಯುತ್ತದೆ. ಸೂಜಿ ಬೆರಳಿಗೆ ನಾಟದಿರಲಿ, ಕತ್ತರಿ ಯಂತ್ರಕ್ಕೆ ಕೈ ಸಿಗದಿರಲಿ ಎಂದು ಹಿಂದಿನವರು ಯಾರೋ ಹುಡುಕಿಕೊಂಡ ದಾರಿ ಅದು. ಎಲ್ಲರೂ ಸೇರಿ ಷಟ್ಪದಿ ಕಟ್ಟುವುದು. ಆರು ಸಾಲಿನ ಪದ್ಯ, ಒಬ್ಬೊಬ್ಬರದು ಒಂದೊಂದು ಸಾಲು. ಮಾತ್ರೆ, ಗಣ ಎಂಬ ಹೆಸರನ್ನು ಅವರಲ್ಲಿ ಯಾರೂ ಕೇಳಿದವರಲ್ಲ. ಲೆಕ್ಕವೆಲ್ಲ ಸುತ್ತಿಗೆಯದು. ಮೂರು ಪೆಟ್ಟು, ನಾಲ್ಕು ಪೆಟ್ಟು. ಮತ್ತೆ ಮೂರು, ನಾಲ್ಕು. ಹೊಲಿದ ಪುಸ್ತಕದ ಬೆನ್ನು ಬಡಿದು ಗುಂಡಗೆ ಮಾಡುವ ಸುತ್ತಿಗೆಯಣ್ಣ ಹಾಗೆ ಬಡಿಯುತ್ತಿದ್ದ, ಉಳಿದವರು ಅದರ ಮೇಲೆ ಮಾತು ಕೂರಿಸುತ್ತಿದ್ದರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು. ಮೂರನೆಯ ಸಾಲೂ ಆರನೆಯ ಸಾಲೂ ಉದ್ದ. ಐದು ಸಾಲಿಗೆ ಐದು ಬಾಯಿ: ದಾರದಕ್ಕ, ಅಂಟು ಕುದಿಸುವ ಅಂಟಣ್ಣ, ಕತ್ತರಿ ಯಂತ್ರದವನು, ಕಾಗದ ಮಡಿಸುವ ಅಕ್ಕ ತಂಗಿ. ಆರನೆಯದು ಬಂದಾಗ ಐವರೂ ತಲೆ ತಗ್ಗಿಸುತ್ತಿದ್ದರು. ಸುತ್ತಿಗೆಯೊಂದೇ ಮಾತಾಡುತ್ತಿತ್ತು.

ಟಕಟ ಟಕಟಕ, ಟಕಟ ಟಕಟಕ, ಟಕಟ ಟಕಟಕ, ಢಂ.

ಆ ಢಂ ಆದ ಮೇಲೆಯೇ ಅವರು ಉಸಿರು ಬಿಡುತ್ತಿದ್ದದ್ದು. ಸುತ್ತಿಗೆಯಣ್ಣನಿಗೆ ಮಾತಿರಲಿಲ್ಲ. ಹುಟ್ಟಾ ಮೂಗ ಇರಬೇಕೆಂದು ತಿದ್ದಪ್ಪ ಅಂದುಕೊಂಡಿದ್ದ.

“ಸುತ್ತಿಗೆಗೆ ಯಾಕಕ್ಕಾ ಬಿಡೋದು? ಅದಕ್ಕೇನು ನಾಲಿಗೆ ಇದೆಯಾ?” ಎಂದು ಅವನು ಕೆಣಕಿದ.

ದಾರದಕ್ಕ ಸೂಜಿಯನ್ನು ಮೇಣಕ್ಕೆ ಚುಚ್ಚಿಟ್ಟಳು. “ನನ್ನ ಮುಂಚೆ ಈ ಮಣೆ ಮೇಲೆ ಒಬ್ಳು ಕೂತಿದ್ಲು. ಉದ್ದನೆ ಸಾಲು ಅವಳಷ್ಟು ಚೆನ್ನಾಗಿ ಯಾರಿಗೂ ಬರ್ತಿರ್ಲಿಲ್ಲ. ಅದಕ್ಕೇ ಆರನೇದು ಯಾವಾಗ್ಲೂ ಅವಳದ್ದೇ. ಮದ್ವೆಯಾಗಿ ಹನ್ನೊಂದು ವರ್ಷ, ಮಕ್ಕಳಿರ್ಲಿಲ್ಲ. ರಟ್ಟಿಗೆ ಸುತ್ತೋ ಬಟ್ಟೆಯ ಚೂರಲ್ಲಿ ಒಂದು ಪುಟ್ಟ ಅಂಗಿ ಹೊಲಿದು, ಡಬ್ಬಿ ಕೆಳಗೆ ಬಚ್ಚಿಟ್ಟಿದ್ಲು. ಯಾರೋ ನೋಡಿದ್ರು. ಅವತ್ತು ಆ ಅಂಗಿ ಮೇಲೇ ಪದ್ಯ ಕಟ್ಟಿದ್ರು. ತಮಾಷೆಗೆ. ಐದು ಸಾಲು ನಕ್ಕೊಂಡು ಹೇಳಿ, ಕೊನೇದು ನಿಂದೇ, ಹೇಳಮ್ಮ ಅಂದ್ರು.”

“ಹೇಳಿದ್ಲಾ?”

“ಹೇಳಿದ್ಲು. ಒಂದು ಹನಿ ಕಣ್ಣೀರಿಲ್ಲ. ‘ಈ ಸಾಲು ನಂದು. ಇದಕ್ಕೆ ಬಾಯಿ ಹಾಕಿದೋರ ಮನೆ ಅವರ ಬಾಯಿಂದ್ಲೇ ಬರಿದಾಗ್ಲಿ’ ಅಂತ. ತಲೆಯಿಂದ ಒಂದು ಕೂದಲು ಕಿತ್ತು ಸೂಜಿಗೆ ಪೋಣಿಸಿದ್ಲು. ಬೆರಳು ಚುಚ್ಕೊಂಡು ಒಂದು ಚೀಟಿ ಮೇಲೆ ಅದನ್ನೇ ಬರೆದು, ಆ ಕೂದಲಲ್ಲಿ ಯಾವುದೋ ಪುಸ್ತಕದ ಬೆನ್ನಿಗೆ ಹೊಲಿದು, ಮೇಲೆ ಕುದಿಯೋ ಅಂಟು ಸುರಿದ್ಲು. ಎದ್ದು ಹೋದ್ಲು, ಮತ್ತೆ ಬರ್ಲಿಲ್ಲ. ಅವತ್ತು ಇಲ್ಲಿಂದ ಸಾವಿರ ಪುಸ್ತಕ ಹೋಯ್ತು. ಬಿಚ್ಚಿ ಸುಡೋಣ ಅಂದ್ರೆ ಅದು ಸಿಗ್ಬೇಕಲ್ಲ?”

“ಹಾಗಿದ್ರೆ ಆಟಾನೇ ನಿಲ್ಲಿಸ್ಬಹುದಿತ್ತಲ್ಲ.”

“ನಿಲ್ಲಿಸಿದ್ವಿ. ನಾಲ್ಕೇ ದಿನ. ತೂಕಡಿಸಿ ಒಬ್ಬನ ಎರಡು ಬೆರಳು ಕತ್ತರಿಗೆ ಹೋಯ್ತು.”

ತಿದ್ದಪ್ಪ ತೊಡೆ ತಟ್ಟಿಕೊಂಡು ನಕ್ಕ. “ಅಕ್ಕಾ, ಮೂವತ್ತೈದು ವರ್ಷ ಅಕ್ಷರದ ಜೊತೆ ಸಂಸಾರ ಮಾಡಿದೀನಿ. ಅಕ್ಷರ ಮನುಷ್ಯನ್ನ ಕಚ್ಚಿದ್ದು ನಾನಂತೂ ಕಾಣೆ.”

ಮಾರನೆಯ ದಿನ ಮಧ್ಯಾಹ್ನ. ಕಿಟಕಿಯ ಗಾಜಿಗೆ ಹತ್ತಿದ ದೂಳಿನಿಂದ ಬಿಸಿಲು ಒಳಗೆ ಹಳದಿಯಾಗಿ ಬೀಳುತ್ತಿತ್ತು. ಚರ್ಮ ಬೇಯಿಸಿ ಮಾಡಿದ ಅಂಟು ಒಲೆಯ ಮೇಲೆ ಗುಳುಗುಳು ಅನ್ನುತ್ತಿತ್ತು. ಆ ನಾತ ಅನ್ನದ ಅಗುಳಿಗೂ ಹತ್ತುತ್ತದೆ. ಅಂಟಣ್ಣನೇ ತನ್ನ ಮಡಕೆಯ ಮೇಲೆ ಸಾಲು ತೆಗೆದ:

“ಅಂಟು ಕುದಿಯಿತು ಬೀದಿ ಮೂಗಿಗೆ”

ಮಡಿಸುವ ಅಕ್ಕ ಮೂಗು ಮುರಿದು ಹೇಳಿದಳು: “ಗಂಟು ಬಿದ್ದಿತು ನಾತ ಬಿಡದೆಯೆ”

ಕತ್ತರಿಯವನು ಯಜಮಾನರ ಕೋಣೆಯ ಕಡೆ ಕಣ್ಣು ಹೊಡೆದು ಉದ್ದನೆಯ ಸಾಲು ಎಳೆದ: “ಗಂಟೆ ಹತ್ತಕೆ ಬಂದ ಧಣಿಯೂ ಮೂಗು ಮುಚ್ಚಿದನೋ”

ತಂಗಿ: “ಒಂಟಿ ಬೆಕ್ಕೂ ಬಾಲ ಸುತ್ತಿತು”

ದಾರದಕ್ಕ ಬೆನ್ನು ನೀವಿಕೊಳ್ಳುತ್ತ: “ಸೊಂಟ ಹಿಡಿಯಿತು ದಾರದಕ್ಕಗೆ”

ಎಲ್ಲರೂ ನಕ್ಕು, ನಗುವನ್ನು ಅರ್ಧಕ್ಕೇ ನುಂಗಿ, ತಲೆ ತಗ್ಗಿಸಿದರು. ಸುತ್ತಿಗೆ ಬೀಳಬೇಕು. ಬೀಳಲಿಲ್ಲ. ಸುತ್ತಿಗೆಯಣ್ಣನ ಕೈ ಮೇಲೆಯೇ ನಿಂತಿತ್ತು. ಅವನ ಕಣ್ಣು ತಿದ್ದಪ್ಪನ ಮೇಲಿತ್ತು. ಒಂದು ಉಸಿರಿನಷ್ಟು ತಡ, ಅಷ್ಟೇ. ಆ ಸಂದಿಯಲ್ಲಿ ತಿದ್ದಪ್ಪನ ಬಾಯಿ ತೆರೆಯಿತು:

“ನೆಂಟ ಮೂಗನೆ ಹಾಡಿ ಹೇಳಲಿ ಮುಂದಿನೀ ಸಾಲಾ!”

ಹೇಳಿ, ಸಾಲು ಎಷ್ಟು ಚೊಕ್ಕವಾಗಿ ಕೂತಿತು ನೋಡಿ ಎಂಬಂತೆ ಸುತ್ತಲೂ ನೋಡಿದ. ಯಾರೂ ನಗಲಿಲ್ಲ. ಅಂಟಿನ ಮಡಕೆ ಕುದಿಯುವುದನ್ನು ನಿಲ್ಲಿಸಿತ್ತು. ಒಲೆ ಉರಿಯುತ್ತಲೇ ಇತ್ತು. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ ಬಂತು.

ಆಮೇಲೆ ಆ ಸದ್ದು. ತುಕ್ಕು ಹಿಡಿದ ಚಿಲಕವನ್ನು ಯಾರೋ ಬಲವಂತವಾಗಿ ಎಳೆದಂತೆ. ಸುತ್ತಿಗೆಯಣ್ಣನ ಗಂಟಲಿನಿಂದ.

“ಆ… ಆ… ಮಗಾ.”

ಸುತ್ತಿಗೆ ಅವನ ಕೈಯಿಂದ ಜಾರಿ ತಿದ್ದಪ್ಪನ ಕಾಲ ಬಳಿ ಬಿತ್ತು. ಸುತ್ತಿಗೆಯಣ್ಣ ಚಪ್ಪಲಿಯನ್ನೂ ಮೆಟ್ಟದೆ ಬಾಗಿಲ ಕಡೆ ಓಡಿದ. ಬೀದಿಯ ತುದಿಯವರೆಗೂ ಅವನ ಕೂಗು ಕೇಳುತ್ತಿತ್ತು. “ಮಗಾ! ಮಗಾ!”

ದಾರದಕ್ಕನ ಮುಖದಲ್ಲಿ ರಕ್ತವಿರಲಿಲ್ಲ. “ಮನೆಗೆ ಹೋಗ್ಬೇಡಿ. ಇವತ್ತು ಇಲ್ಲೇ ಇರಿ. ಬಾಯಿ ತೆರೀಬೇಡಿ, ಕೈ ಮುಗೀತೀನಿ.”

“ಮಾತಿಲ್ಲದವನಿಗೆ ಮಾತು ಬಂತು. ಇಂಥ ಶಾಪ ಊರಿಗೆಲ್ಲ ತಗಲಲಿ ಬಿಡಕ್ಕ” ಎಂದು ತಿದ್ದಪ್ಪ ಡಬ್ಬಿ ಎತ್ತಿಕೊಂಡು ಹೊರಟ. ಹೊರಟವನ ಕಾಲು ಮಾತ್ರ ಬೇರೆ ಏನೋ ಹೇಳುತ್ತಿತ್ತು. ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಮೂರು, ನಾಲ್ಕು. ಅವನು ಗಮನಿಸಲಿಲ್ಲ.

ಮನೆ ಅವತ್ತು ತುಂಬಿತ್ತು. ಎಂಟು ತಿಂಗಳ ಬಸುರಿ ಮಗಳು ಹೆರಿಗೆಗೆ ಬಂದಿದ್ದಳು. ಅವಳನ್ನು ನೋಡಲು ಅಳಿಯನೂ ಬಂದಿದ್ದ. ಹೊಸ ಸುಣ್ಣಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ತಿದ್ದಪ್ಪ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು:

“ಹಣ್ಣು ತಂದಿರ? ಚೀಲ ಎಲ್ಲಿದೆ?”

ಮಗಳು ಫೋನು ಕೆಳಗಿಡುತ್ತ ಹೇಳಿದಳು:

“ಸಣ್ಣ ಅತ್ತೆದು ಫೋನು ಬಂದಿದೆ. ಬಣ್ಣ ಹೊಡೆಸಿದ ಮನೆಯ ನೋಡೋಕ್ ಬಸ್ಸು ಹತ್ತಿದಳು.”

ಸಣ್ಣ ಅತ್ತೆ ಎಂದರೆ ತಿದ್ದಪ್ಪನ ಒಬ್ಬಳೇ ತಂಗಿ. ಅವಳು ಬರುವ ಸುದ್ದಿಗಿಂತ ಮೊದಲು ಅವನ ಕಿವಿಗೆ ಬಿದ್ದದ್ದು ಅದರ ನಡೆ. ಹಣ್ಣು, ಸಣ್ಣ, ಬಣ್ಣ. ಎರಡನೆಯ ಅಕ್ಷರ ಒಂದೇ. ಮೂರು ನಾಲ್ಕು, ಮೂರು ನಾಲ್ಕು. ಮೂರನೆಯದು ಉದ್ದ. ಅರೆ, ಎಂದು ಅವನಿಗೆ ಖುಷಿಯೇ ಆಯಿತು. ಅಳಿಯ ಕಿಟಕಿಯಾಚೆ ನೋಡಿದ:

“ಮಣ್ಣು ರಸ್ತೆಲಿ ಬಸ್ಸು ತಡವೇ.”

ತಿದ್ದಪ್ಪನ ಹೆಬ್ಬೆರಳು ಕಾಫಿ ಲೋಟದ ಮೇಲೆ ತಾನಾಗಿ ಬಡಿಯುತ್ತಿತ್ತು. ಲೋಟ ಮೂಗಿನ ಹತ್ತಿರ ಬಂದಾಗ ಕಾಫಿಯ ವಾಸನೆಯಿಲ್ಲ. ಅಂಟಿನ ನಾತ. ಕೂದಲು ಸುಟ್ಟ ನಾತ. ಬೇಡ, ಇನ್ನು ಯಾರೂ ಮಾತಾಡಬೇಡಿ ಎಂದು ಕೈ ಎತ್ತಿದ.

“ತಣ್ಣಗಾಯಿತು, ಕಾಫಿ ಕುಡಿಯಿರಿ” ಎಂದಳು ಹೆಂಡತಿ.

ಐದು.

ಹೊಟ್ಟೆಯ ತಳದಿಂದ ಏನೋ ಎದ್ದಿತು. ದಾರ ಕಟ್ಟಿ ಎಳೆದಂತೆ ಎದ್ದಿತು. ಅವನ ನಾಲಿಗೆ ಅವನದಾಗಿರಲಿಲ್ಲ. ದನಿಯೂ ಹೆಂಗಸಿನದು.

“ಅಣ್ಣ ಎನ್ನುತ ಬಸ್ಸಿನೊಳಗೇ ಉಸಿರ ಬಿಟ್ಟಾಳು.”

ಹೆಂಡತಿಯ ಕೈಯಿಂದ ತಟ್ಟೆ ಬಿತ್ತು. “ಏನ್ರೀ ಇದು! ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಮಗೆ?”

ಅವನು ಬಾಗಿಲನ್ನೇ ನೋಡುತ್ತ ಕೂತ. ಹೊರಗೆ ಇನ್ನೂ ಬಿಸಿಲಿರುವಾಗಲೇ ಫೋನು ಬಂತು, ತಂಗಿಯದೇ ನಂಬರಿನಿಂದ. ಮಾತಾಡಿದವನು ಬಸ್ಸಿನ ಕಂಡಕ್ಟರು. ಏನೂ ಕಾಯಿಲೆ ಇರಲಿಲ್ಲವಾ ಅವರಿಗೆ? ಚೆನ್ನಾಗೇ ಕೂತಿದ್ದರು. ಇದ್ದಕ್ಕಿದ್ದಂತೆ ಅಣ್ಣಾ ಅಂದರು. ಅಷ್ಟೇ.

ತಂಗಿಯನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಸುತ್ತಿಗೆಯಣ್ಣ ತಿದ್ದಪ್ಪನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಮಡಿಲಲ್ಲಿ ಸುತ್ತಿಗೆ. ತಿದ್ದಪ್ಪ ಅವನ ಅಂಗಿಯ ಕೊರಳು ಹಿಡಿದ. ಬಾಯಿ ತೆರೆಯುವಷ್ಟರಲ್ಲಿ ಸುತ್ತಿಗೆಯಣ್ಣ ತನ್ನ ಒರಟು ಅಂಗೈಯಿಂದ ಅದನ್ನು ಮುಚ್ಚಿದ.

“ಮಾತಾಡ್ಬೇಡ. ಕೇಳು. ಹದಿನೆಂಟು ವರ್ಷದ ಹಿಂದೆ ನಾನೂ ನಿನ್ನ ಹಾಗೇ ನಕ್ಕಿದ್ದೆ. ಮೊದಲ ಸಂಜೇನೇ ಹೆಂಡ್ತಿ ಹೋದ್ಲು. ಉಳಿದಿದ್ದು ಮಗ ಒಬ್ಬ. ಅವನನ್ನ ಉಳಿಸ್ಕೊಳ್ಳೋಕೆ ಬಾಯಿ ಕಟ್ಕೊಂಡೆ. ನೀನು ಇರೋ ಕಡೆ ಐದು ಸಾಲು ತಾವಾಗೇ ಕೂಡ್ತವೆ. ಯಾವಾಗ ಅಂತ ಹೇಳೋಕಾಗಲ್ಲ. ಆಗ ನಿನ್ನ ಬಾಯಿ ತೆರೆದಿದ್ರೆ ಆರನೇದು ಹೊರಗೆ ಬರ್ತದೆ, ನಿನ್ನ ಮನೇಲಿ ಒಬ್ರನ್ನ ತಗೊಂಡು ಹೋಗ್ತದೆ. ಮಾತಾಡೋ ಬಾಯಿಗೆ ಅದು ಗೊತ್ತಾಗೋದ್ರೊಳಗೆ ಬಂದಿರ್ತದೆ. ಅದಕ್ಕೇ ಮಾತೇ ಬಿಡ್ಬೇಕು. ಬಾಯಿ ಬಿಗಿಹಿಡಿದು, ಆ ಸಾಲನ್ನ ಕೈಯಲ್ಲಿ ಬಡಿದು ಮುಗಿಸ್ಬೇಕು. ಕೊನೇ ಢಂ ತಪ್ಪಬಾರದು.”

ತಿದ್ದಪ್ಪ ಕಣ್ಣಿನಲ್ಲೇ ಕೇಳಿದ: ಎಲ್ಲಿಯವರೆಗೆ?

“ಇನ್ನೊಬ್ರು ಬಾಯಿ ಹಾಕೋವರೆಗೆ.” ಸುತ್ತಿಗೆಯಣ್ಣ ಮುಖ ತಿರುಗಿಸಿದ. “ಅವತ್ತು ಸುತ್ತಿಗೆ ತಡ ಮಾಡಿದ್ದು ನಾನು ಬೇಕಂತ್ಲೇ. ಆಮೇಲಾದ್ರೂ ನಿಂತು ನಿನಗೆ ಹೇಳಿದ್ರೆ ನಿನ್ನ ತಂಗಿ ಉಳೀತಿದ್ಲು. ನಾನು ಮಗನ ಹತ್ರ ಓಡ್ದೆ. ಅವನನ್ನ ಒಂದ್ಸಲ ಕರೀಬೇಕು ಅನ್ನೋದು ಬಿಟ್ರೆ ನನ್ನ ತಲೇಲಿ ಏನೂ ಇರ್ಲಿಲ್ಲ. ಓದು ಬರಹ ಇದ್ದಿದ್ರೆ ಮೊದಲೇ ಬರೆದು ತೋರಿಸಬಹುದಿತ್ತು ಅಂತೀಯ. ಬಂದಿದ್ರೂ ತೋರಿಸ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ.”

ಸುತ್ತಿಗೆಯನ್ನು ಮೆಟ್ಟಿಲ ಮೇಲಿಟ್ಟು ಅವನು ಎದ್ದು ಹೋದ. ತಿದ್ದಪ್ಪ ಅವನನ್ನು ಮತ್ತೆ ನೋಡಲಿಲ್ಲ.

ಅವತ್ತಿನಿಂದ ತಿದ್ದಪ್ಪ ಮಾತು ಬಿಟ್ಟ. ಮನೆಯವರು ಮೊದಲು ತಂಗಿಯ ದುಃಖ ಎಂದುಕೊಂಡರು. ಆಮೇಲೆ ವೈದ್ಯರ ಹತ್ತಿರ ಕರೆದೊಯ್ದರು. ಹೆಂಡತಿ ಅತ್ತಳು, ಬೈದಳು, ಕೊನೆಗೆ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ತಂದು ಮುಂದಿಟ್ಟಳು. ಅವನು ಬರೆದದ್ದು ಒಂದೇ ಸಾಲು: ನನ್ನನ್ನು ಮಾತಾಡಿಸಬೇಡಿ, ನಮ್ಮ ಮಗಳು ಉಳಿಯಬೇಕು.

ಆಸ್ಪತ್ರೆಗೆ ತಾನು ಹೋಗಬಾರದೆಂದು ಅವನಿಗೆ ಗೊತ್ತಿತ್ತು. ಮಗಳ ನರಳಾಟ ಕೇಳಿಯೂ ಮನೆಯಲ್ಲಿ ಕೂರಲು ಅವನಿಂದ ಆಗಲಿಲ್ಲ. ಸುತ್ತಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದ. ಮಟಮಟ ಮಧ್ಯಾಹ್ನ. ಉದ್ದನೆಯ ಓಣಿ, ಫಿನಾಯಿಲಿನ ವಾಸನೆ, ಗಾಲಿ ಮಂಚಗಳ ಕಿರುಗುಟ್ಟು. ಒಳಗಿನಿಂದ ಮಗಳ ಕೂಗು. ಬಾಗಿಲು ತೆರೆದು ನರ್ಸು ತಲೆ ಹೊರಗೆ ಹಾಕಿದಳು:

“ಬೇಗ ಬನ್ನಿರಿ, ಬಟ್ಟೆ ತನ್ನಿರಿ!”

ಅವನ ಕಿವಿ ಎಣಿಸತೊಡಗಿತು. ಮೂರು ನಾಲ್ಕು. ಮೂರು ನಾಲ್ಕು.

“ಹೇಗೆ ಇದ್ದಾಳ್, ನೋವು ಹೆಚ್ಚಾ?” ಅಳಿಯ ಎದ್ದು ನಿಂತ.

“ಕೂಗಬೇಡಿರಿ, ಹೊರಗೆ ನಿಂತಿರಿ, ತಲೆಯು ಕಾಣುತಿದೆ!”

ಫಿನಾಯಿಲಿನ ವಾಸನೆ ಹೋಯಿತು. ಅಂಟು. ಕೂದಲು. ಅವನು ಎರಡೂ ಕೈಯಿಂದ ಬಾಯಿ ಒತ್ತಿಹಿಡಿದ. ಹೆಂಡತಿಯ ಕಡೆ ಬೇಡವೆಂದು ತಲೆಯಾಡಿಸಿದ. ಅವಳು ಬಾಗಿಲನ್ನೇ ನೋಡುತ್ತಿದ್ದಳು.

“ಈಗಲೇನಾ? ದೇವರಪ್ಪಾ!”

ನಾಲ್ಕು. ಇನ್ನೊಂದು ಬಾರದಿರಲಿ. ಓಣಿಯಲ್ಲಿ ಬೇರೆ ಯಾರೂ ಇಲ್ಲ. ಇಲ್ಲ, ಇದ್ದಾಳೆ. ನೆಲ ಒರೆಸುವವಳು. ಬಕೆಟ್ಟು ಎಳೆದುಕೊಂಡು ಬಂದಳು. ಬಾಯಿ ತೆರೆದಳು.

“ಬಾಗಿಲಲ್ಲೇ ನಿಲ್ಲಬೇಡ್ರೀ!”

ಎದ್ದಿತು. ಹೊಟ್ಟೆಯಿಂದ ಎದ್ದಿತು. ಎದೆಗೆ ಬಂತು. ಗಂಟಲಿಗೆ ಬಂತು. ‘ಹೋಗು’ ಎಂಬ ಮೊದಲ ಮಾತು ನಾಲಿಗೆಯ ತುದಿಯಲ್ಲಿ ಬಂದು ಕೂತಿತು. ಕೂಸಿಗೆ ಹೇಳುವ ಹೋಗು. ಅವನು ನಾಲಿಗೆ ಕಚ್ಚಿದ. ಬಾಯಿ ತುಂಬ ಉಪ್ಪು, ಬಿಸಿ. ಹಲ್ಲು ಸಡಿಲಿಸಲಿಲ್ಲ. ಚೀಲದಿಂದ ಸುತ್ತಿಗೆ ತೆಗೆದ. ಗೋಡೆಯ ಬಳಿಯಿದ್ದ ಕಬ್ಬಿಣದ ಮಂಚಕ್ಕೆ ಬಡಿದ. ಟಕಟ ಟಕಟಕ. ಯಾರೋ ಕೂಗಿದರು. ಟಕಟ ಟಕಟಕ. ಅಳಿಯ ರಟ್ಟೆ ಹಿಡಿದೆಳೆದ. ತಿದ್ದಪ್ಪ ಕೊಡವಿಕೊಂಡ. ಟಕಟ ಟಕಟಕ. ಸುತ್ತಿಗೆ ಕೈ ತಪ್ಪಿತು. ಒಂದೇ ಪೆಟ್ಟು ಉಳಿದಿತ್ತು. ಅವನು ಹಣೆಯನ್ನೇ ಮಂಚದ ಕಂಬಿಗೆ ಬಡಿದ.

ಢಂ.

ಒಳಗೆ ಕೂಸು ಅತ್ತಿತು.

ಹಣೆಯ ಮೇಲೆ ಮೂರು ಹೊಲಿಗೆ ಬಿತ್ತು. ನಾಲಿಗೆಯ ತುದಿ ಉಳಿಯಲಿಲ್ಲ. ಹೆಣ್ಣು ಕೂಸು ಗುಂಡಗಿತ್ತು. ಕಪ್ಪು ಕೂದಲು, ಬಿಗಿ ಮುಷ್ಟಿ. ಎಲ್ಲರೂ ಒಬ್ಬೊಬ್ಬರಾಗಿ ಅದನ್ನು ಮಾತಾಡಿಸಿದರು. ತಾತ ಮಾತ್ರ ತೊಟ್ಟಿಲ ಕಟ್ಟಿಗೆಯ ಮೇಲೆ ಬೆರಳಾಡಿಸಿದ.

ಐದು ವರ್ಷ ಹೋಯಿತು. ತಿದ್ದಪ್ಪ ಕಾರ್ಖಾನೆಯಲ್ಲಿ ಸುತ್ತಿಗೆಯ ಮಣೆಗೆ ಕೂತ. ದಾರದಕ್ಕ ಕಣ್ಣು ಮಂಜಾಗಿ ಕೆಲಸ ಬಿಟ್ಟಳು, ಒಂದು ವರ್ಷಕ್ಕೆ ತೀರಿಕೊಂಡಳು. ಮಡಿಸುವುದಕ್ಕೆ ಯಂತ್ರ ಬಂತು, ಅಕ್ಕ ತಂಗಿ ಹೋದರು. ಅಂಟಣ್ಣನೂ ಹೋದ, ಕತ್ತರಿಯವನೂ ಹೋದ. ಬಂದ ಹೊಸಬರು ಆಟವನ್ನು ಕಲಿತುಕೊಂಡರು. ಆಟ ಉಳಿಯಿತು, ಅದರ ಹಿಂದಿನ ಭಯ ಹೋಯಿತು. ಆ ಭಯವನ್ನು ಕಾಯುವವನು ತಿದ್ದಪ್ಪ ಒಬ್ಬನೇ. ಒಂದು ರಟ್ಟಿನ ತುಂಡಿನ ಮೇಲೆ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದ: ಆ ಹೆಂಗಸು, ಕೂದಲು, ತನ್ನ ತಂಗಿ, ತನ್ನ ನಾಲಿಗೆ. ಹೊಸದಾಗಿ ಯಾರು ಬಂದರೂ ಜೇಬಿನಿಂದ ತೆಗೆದು ತೋರಿಸುತ್ತಿದ್ದ. ಕೆಲವರು ಹೆದರುತ್ತಿದ್ದರು, ಕೆಲವರು ನಗುತ್ತಿದ್ದರು. ನಗುವವರ ಬಾಯಿಗಿಂತ ಅವನ ಸುತ್ತಿಗೆ ಚುರುಕಾಗಿತ್ತು.

ಮೊಮ್ಮಗಳು ಅವನನ್ನು ಟಕಟಕ ತಾತ ಅನ್ನುತ್ತಿದ್ದಳು. ಮಗಳೂ ಅಳಿಯನೂ ತಮ್ಮ ಊರು ಬಿಟ್ಟು ಬಂದು ತಿದ್ದಪ್ಪನ ಬೀದಿಯಲ್ಲೇ ಮನೆ ಮಾಡಿದ್ದರು. ಸಂಜೆ ಅವನು ಅವರ ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಒಳಗಿನಿಂದ ಅವಳು ಟಕಟ ಟಕಟಕ ಎಂದು ಮೂರು ಸಲ ಬಡಿಯುವಳು. ಕೊನೆಯ ಢಂ ತಾತನದು. ಅದಾದ ಮೇಲೆಯೇ ಬಾಗಿಲು ತೆರೆಯುತ್ತಿದ್ದದ್ದು.

ಒಂದು ಬೆಳಿಗ್ಗೆ ಅವಳು ಅವನ ತೊಡೆ ಹತ್ತಿ ತುಟಿಯ ಮೇಲೆ ಬೆರಳಿಟ್ಟಳು. “ತಾತ, ಒಳಗೆ ಏನಿದೆ? ಎಲ್ರ ತಾತನೂ ಕೂಗ್ತಾರೆ. ಒಂದೇ ಒಂದ್ಸಲ ನನ್ನ ಕೂಗು ತಾತ. ಯಾರ್ಗೂ ಹೇಳಲ್ಲ.”

ಅವತ್ತೇ ಕಾರ್ಖಾನೆಗೆ ಹೊಸಬಳೊಬ್ಬಳು ಬಂದಳು. ರಟ್ಟಿಗೆ ಬಟ್ಟೆ ಅಂಟಿಸುವ ಕೆಲಸಕ್ಕೆ. ಮಾತಿಗೆ ಮೊದಲೇ ನಗುವ ಹೆಂಗಸು. “ಆರು ತಿಂಗಳ ಕೂಸನ್ನ ನಮ್ಮಮ್ಮನ ಹತ್ರ ಬಿಟ್ಟು ಬಂದಿದೀನಪ್ಪಾ. ಸಂಜೆ ಐದಕ್ಕೆ ಸರಿಯಾಗಿ ಬಿಡ್ಬೇಕು ನನ್ನ, ಇಲ್ಲಾಂದ್ರೆ ಅಂಗಿಯೆಲ್ಲ ಹಾಲು” ಎಂದು ನಾಚಿಕೆಯಿಲ್ಲದೆ ಹೇಳಿ ಎಲ್ಲರನ್ನೂ ನಗಿಸಿದಳು. ತಿದ್ದಪ್ಪನ ಕೈ ಜೇಬಿಗೆ ಹೋಯಿತು. ರಟ್ಟಿನ ತುಂಡು ಬೆರಳಿಗೆ ಸಿಕ್ಕಿತು.

ಕೈ ಜೇಬಿನಲ್ಲೇ ಉಳಿಯಿತು. ಮಧ್ಯಾಹ್ನ ತೋರಿಸೋಣ ಎಂದುಕೊಂಡ. ಊಟವಾಗಲಿ ಎಂದುಕೊಂಡ.

ಊಟವಾಯಿತು. ಆಟ ಶುರುವಾಯಿತು. ಒಂದನೆಯ ಸಾಲು, ಎರಡನೆಯದು. ಹೊಸಬಳು ಕೈ ತಟ್ಟಿ ಕೇಳುತ್ತಿದ್ದಳು. ಮೂರು. ನಾಲ್ಕು. ಐದು. ಎಲ್ಲರೂ ರೂಢಿಯಂತೆ ಸುಮ್ಮನಾದರು.

“ಮುಂದೆ? ಆರನೇದು ಯಾರ್ದೂ ಇಲ್ವಾ?” ಎಂದಳು ಅವಳು. “ಅಯ್ಯೋ, ಪಾಪ. ನಾನ್ ಹೇಳ್ಲಾ ತಾತ?”

ಸುತ್ತಿಗೆ ಮೇಲಿತ್ತು. ಕೆಳಗಿಳಿಸಿದರೆ ಮುಗಿಯಿತು. ಅವನ ತೋಳು ಅದನ್ನು ಐದು ವರ್ಷ ಸಾವಿರ ಸಲ ಮಾಡಿತ್ತು. ಅವಳು ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು. ರವಿಕೆಯ ಮೇಲೆ ಹಾಲಿನ ಒದ್ದೆ ಆಗಲೇ ಕಾಣುತ್ತಿತ್ತು. ಅವನ ತುಟಿಯ ಮೇಲೆ ಬೆಳಗಿನ ಆ ಪುಟ್ಟ ಬೆರಳು ಇನ್ನೂ ಇತ್ತು. ಒಂದೇ ಒಂದ್ಸಲ.

ಒಂದು ಉಸಿರಿನಷ್ಟು ತಡ. ಅಷ್ಟೇ.

ಹೊಸಬಳು ನಗುತ್ತ ಆ ಉದ್ದನೆಯ ಸಾಲನ್ನು ಹೇಳಿ ಮುಗಿಸಿದಳು. ಏನು ಹೇಳಿದಳೆಂದು ಅವನು ಕೇಳಿಸಿಕೊಳ್ಳಲಿಲ್ಲ. ಮಡಕೆಯ ಕುದಿ ನಿಂತಿತು. ಕೂದಲು ಸುಟ್ಟ ವಾಸನೆ ಬಂತು. ಅವನ ಗಂಟಲಲ್ಲಿ ಏನೋ ಕಳಚಿ ಬಿತ್ತು.

ಆಗಲೂ ಹೊತ್ತು ಮೀರಿರಲಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಿತ್ತು, ಹೇಳಬಹುದಿತ್ತು. ಜೇಬಿನಲ್ಲಿ ರಟ್ಟಿತ್ತು, ಎಸೆದು ಹೋಗಬಹುದಿತ್ತು. ಸಂಜೆ ಐದಕ್ಕೆ ಅವಳು ಮನೆಗೆ ಹೋಗುತ್ತಾಳೆ, ಇವತ್ತು ಹೋಗಬಾರದು. ಅವನು ಸುತ್ತಿಗೆ ಬಿಟ್ಟು ಎದ್ದ. ಬಾಗಿಲು ದಾಟಿದ. ಅರವತ್ತು ದಾಟಿದ ಕಾಲುಗಳು ಓಡಿದವು. ಬೀದಿ. ತಿರುವು. ಅಂಗಡಿ ಸಾಲು. ಚಪ್ಪಲಿ ಒಂದು ಎಲ್ಲೋ ಹೋಯಿತು. ಮೊಮ್ಮಗಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ನೆಲದ ಮೇಲೆ ಕೂತು ಬಣ್ಣದ ಕಡ್ಡಿ ಜೋಡಿಸುತ್ತಿದ್ದಳು.

“ಕಂದಾ!”

ತುಕ್ಕು ಹಿಡಿದ ಚಿಲಕ ಎಳೆದಂಥ ಸದ್ದು. ನಾಲಿಗೆಯ ತುದಿಯಿಲ್ಲದೆ ಮುರಿದ ಮಾತು. ಅವಳ ಕೈಯ ಕಡ್ಡಿ ಬಿದ್ದುಹೋಯಿತು.

“ಕಂದಾ, ನಾನಮ್ಮಾ. ತಾತ. ಕೂಗು ಅಂದ್ಯಲ್ಲ…”

ಅವನು ಕೈ ಚಾಚಿದ. ಅವಳು ಕಿರುಚಿ ಒಳಗೆ ಓಡಿ ಅಮ್ಮನ ಹಿಂದೆ ಅಡಗಿದಳು. ಮಗಳು ಅಪ್ಪನ ದನಿ ಕೇಳಿ ಗೋಡೆ ಹಿಡಿದು ನಿಂತುಬಿಟ್ಟಿದ್ದಳು.

“ತಾತನೇ ಕಣೇ” ಎಂದಳು ಕೊನೆಗೆ.

“ಅಲ್ಲ. ಇದು ತಾತ ಅಲ್ಲ. ತಾತ ಮಾತಾಡಲ್ಲ. ನಮ್ಮ ತಾತನ್ನ ಕರಿ!”

ಅವಳು ಅಮ್ಮನ ಕೈ ಬಿಡಿಸಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಆ ಬಾಗಿಲ ಮುಂದೆ ಕೂತು ಕರೆದ. ಮುದ್ದಿಸಿ ಕರೆದ, ಬೇಡಿ ಕರೆದ. ಕರೆದಷ್ಟೂ ಒಳಗಿನ ಅಳು ಹೆಚ್ಚಿತು. ಗೋಡೆಯ ಗಡಿಯಾರದಲ್ಲಿ ಐದು ಹೊಡೆಯಿತು. ಅವನು ಬಾಯಿ ಮುಚ್ಚಿದ.

ಒಳಗೆ ಅಳು ನಿಂತಿತು. ಅರ್ಧ ಗಂಟೆ ಕಳೆದ ಮೇಲೆ ಪುಟ್ಟ ಗೆಣ್ಣಿನ ಸದ್ದು. ತನ್ನ ತಾತ ಹೊರಗೆಲ್ಲೋ ಇದ್ದಾನೇನೋ ಎಂದು ಅವಳು ಬಡಿಯುತ್ತಿದ್ದಳು.

ಟಕಟ ಟಕಟಕ. ಟಕಟ ಟಕಟಕ. ಟಕಟ ಟಕಟಕ.

ಅವನ ಕೈ ಬಾಗಿಲವರೆಗೆ ಹೋಗಿ ಅಲ್ಲೇ ನಿಂತಿತು.

ಅದೇ ಹೊತ್ತಿಗೆ ಊರಿನ ಇನ್ನೊಂದು ಮನೆಯಲ್ಲಿ, ಕೆಲಸದಿಂದ ಆಗತಾನೆ ಬಂದ ಹೆಂಗಸೊಬ್ಬಳು ಕೂಸನ್ನು ಎದೆಗೆತ್ತಿಕೊಂಡು, ತನ್ನ ಅಮ್ಮನ ಮಾತಿಗೂ ಗಂಡನ ಮಾತಿಗೂ ನಗುತ್ತ, ಕೂಸಿನ ಬೆನ್ನನ್ನು ಮೆಲ್ಲಗೆ ತಟ್ಟುತ್ತಿದ್ದಳು. ಮೂರು, ನಾಲ್ಕು. ಮೂರು, ನಾಲ್ಕು. ಎಲ್ಲಿಂದಲೋ ಅಂಟಿನ ನಾತ ಬಂತಲ್ಲ ಎಂದುಕೊಂಡಳು. ಐದು ಮಾತು ಆಗಿತ್ತು. ಢಂ ಎಂದು ಬಡಿಯಬೇಕೆಂದು ತಿಳಿದವರು ಅಲ್ಲಿ ಯಾರೂ ಇರಲಿಲ್ಲ.